ಭಕ್ತಿ ಎಂದು ನಾನು ಹೇಳಿದ ನಡಿಗೆ

ನನ್ನ ತಂಗಿ ನನಗೊಂದು ಮಾತು ಹೇಳಿದ್ದಳು. ಅದನ್ನು ಡಾಕ್ಟರಿಗೆ ಮುಟ್ಟಿಸಬೇಕಾದವಳು ನಾನು. ಮುಟ್ಟಿಸಲಿಲ್ಲ. ಮರೆತಿದ್ದರೆ ಮರೆತೆ ಎಂದು ಹೇಳಿಕೊಳ್ಳಬಹುದಿತ್ತು. ಮರೆತಿರಲಿಲ್ಲ. ಡಾಕ್ಟರ ಎದುರು ಕುರ್ಚಿಯಲ್ಲಿ ಕೂತು, ಆ ಮಾತು ನಾಲಿಗೆಯ ಮೇಲಿರುವಾಗಲೇ ಬೇರೆ ಏನೋ ಹೇಳಿದೆ. ಕೊನೆಗೆ ತಂಗಿಯೇ ಹೇಳಲು ಬಾಯಿ ತೆರೆದಾಗ ಅದನ್ನೂ ನಡುವೆಯೇ ತುಂಡು ಮಾಡಿದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬರುವುದನ್ನೆಲ್ಲ ಓದುವಾಗ ಯಾರೂ ನನ್ನನ್ನು ಪಾಪದ ಹೆಂಗಸು ಎಂದುಕೊಳ್ಳಬಾರದು.

ನಾವಿರುವುದು ಹನುಮಂತನಗರದಲ್ಲಿ, ಗುಡ್ಡದ ಬುಡದ ಒಂದು ವಠಾರದಲ್ಲಿ. ಸೀರೆಗೆ ಕುಚ್ಚು ಕಟ್ಟುವುದು ನನ್ನ ಕೆಲಸ. ಜಯನಗರದ ಅಂಗಡಿಗಳಿಂದ ಹೊಸ ಸೀರೆ ತಂದು, ಸೆರಗಿನ ತುದಿಗೆ ರೇಷ್ಮೆ ದಾರದ ಗೊಂಡೆ ಕಟ್ಟಿ, ಮಣಿ ಕೋದು ವಾಪಸು ಕೊಡುತ್ತೇನೆ. ನನ್ನ ಯಜಮಾನರು ಆಟೋ ಓಡಿಸುತ್ತಾರೆ. ನಾನು ಓದಿದ್ದು ಏಳನೇ ಕ್ಲಾಸು. ಅಮ್ಮ ತೀರಿಕೊಂಡಾಗ ತಂಗಿ ತೀರಾ ಚಿಕ್ಕವಳು. ಅವಳ ಜಡೆ ಹೆಣೆಯಲು, ಊಟಕ್ಕಿಡಲು ಮನೆಯಲ್ಲಿ ಒಬ್ಬರು ಬೇಕಿತ್ತು. ನಾನು ಸ್ಕೂಲು ಬಿಟ್ಟೆ. ಅವಳು ಪಿಯುಸಿ ಮುಗಿಸಿ, ಬನಶಂಕರಿಯ ಒಂದು ನರ್ಸರಿ ಶಾಲೆಯಲ್ಲಿ ಟೀಚರಾದಳು. ಅವಳನ್ನು ಓದಿಸಿದವಳು ನಾನು ಎಂದು ಸಿಕ್ಕವರಿಗೆಲ್ಲ ಹೇಳಿಕೊಳ್ಳುವ ಚಟ ನನಗಿತ್ತು.

ಇನ್ನೊಂದು ಚಟವೂ ಇತ್ತು. ಅವಳನ್ನು ಯಾರು ಏನೇ ಕೇಳಲಿ, ಉತ್ತರ ನಾನು ಕೊಡುತ್ತಿದ್ದೆ. "ಯಾವ ಕ್ಲಾಸಮ್ಮ ಪುಟ್ಟಿ?" ಎಂದರೆ ನಾನು. ಬಳೆ ಅಂಗಡಿಯವನು ಯಾವ ಬಣ್ಣ ಎಂದರೆ ನಾನು. ಹೋಟೆಲಿನಲ್ಲಿ ಅವಳಿಗೆ ದೋಸೆಯೋ ಇಡ್ಲಿಯೋ ಎನ್ನುವುದೂ ನನ್ನ ಬಾಯಿಂದಲೇ ಬರಬೇಕು. ಅವಳು ಟೀಚರಾದ ಮೇಲೂ ಇದು ನಿಲ್ಲಲಿಲ್ಲ. "ನಮ್ಮಕ್ಕನಿಗೆ ನನ್ನ ಹೊಟ್ಟೆ ಹಸಿವೂ ಗೊತ್ತು, ನನಗೇ ಗೊತ್ತಾಗಲ್ಲ" ಎಂದು ಅವಳು ನಗುತ್ತಿದ್ದಳು. ಅದನ್ನು ನಾನು ಹೊಗಳಿಕೆ ಎಂದುಕೊಂಡಿದ್ದೆ.

ಕೆಲವು ವರ್ಷಗಳ ಹಿಂದೆ ಅವಳು ಮಂಕಾದಳು. ಯಾಕೆ ಎಂದು ಜನ ಕೇಳುತ್ತಾರೆ. ಮದುವೆಯಾಗಲಿಲ್ಲ ಎಂದೋ, ಶಾಲೆಯಲ್ಲಿ ಏನಾದರೂ ಆಯಿತೇ ಎಂದೋ. ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ಮೊದಲು ಹಾಡು ಕೇಳುವುದನ್ನು ಬಿಟ್ಟಳು, ಆಮೇಲೆ ಶಾಲೆ, ಆಮೇಲೆ ಸ್ನಾನ. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಸೋಮಾರಿತನ ಎಂದು ವಠಾರದವರು ಅಂದರು. ನಾನೂ ಅಂದೆ. ಕೊನೆಗೆ ನಮ್ಮ ಯಜಮಾನರ ಆಟೋದಲ್ಲಿ ದಿನವೂ ಆಸ್ಪತ್ರೆಗೆ ಹೋಗುವ ನರ್ಸೊಬ್ಬರು ಕೇಳಿ, "ಇದು ಕಾಯಿಲೆ ಅಣ್ಣ, ಬೈಬೇಡಿ, ಕರ್ಕೊಂಡು ಬನ್ನಿ" ಎಂದರು. ಜಯನಗರದ ಆ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಸಿಕ್ಕರು. ಅವರು ಒಂದು ಮಾತ್ರೆ ಕೊಟ್ಟರು, ತಿಂಗಳುಗಟ್ಟಲೆ ಕಾದರು. ಗುಣ ಕಾಣಲಿಲ್ಲ. ಅದನ್ನು ಬದಲಿಸಿ ಇನ್ನೊಂದು ಕೊಟ್ಟರು. ಅದರಲ್ಲೂ ಅಷ್ಟಕ್ಕಷ್ಟೇ. ಆಗ ಅವರು ಹೊಸ ಮಾತ್ರೆಯ ವಿಷಯ ಎತ್ತಿದರು.

"ಇದು ಅಂಗಡೀಲಿ ಸಿಗೋದಲ್ಲ. ಇನ್ನೂ ತಯಾರಾಗ್ತಾ ಇದೆ. ಕೆಲಸ ಮಾಡುತ್ತಾ, ಏನಾದ್ರೂ ತೊಂದ್ರೆ ಕೊಡುತ್ತಾ ಅಂತ ನೋಡೋಕೇ ಕೊಡ್ತಿರೋದು. ಬೇಡ ಅಂದ್ರೆ ಬೇಡ. ನನ್ನ ಟ್ರೀಟ್‌ಮೆಂಟ್ ನಿಲ್ಲಲ್ಲ" ಎಂದು ತಂಗಿಗೆ ನಿಧಾನವಾಗಿ ಹೇಳಿದರು. "ಕೆಲವರಿಗೆ ಔಷಧಿ ಇರೋ ಮಾತ್ರೆ, ಕೆಲವರಿಗೆ ಔಷಧಿ ಇಲ್ಲದ್ದು. ನೋಡೋಕೆ ಎರಡೂ ಒಂದೇ. ನಿಮಗೆ ಯಾವುದು ಬಂತು ಅಂತ ನನಗೂ ಗೊತ್ತಿರಲ್ಲ."

"ನಿಮಗೂ ಗೊತ್ತಿರಲ್ವಾ ಮೇಡಂ?" ನನಗೆ ತಡೆಯಲಾಗಲಿಲ್ಲ. "ನಮ್ಮ ಅಜ್ಜಿಗೆ ಬೇರು ಅರೆದು ಕೊಡ್ತಿದ್ದೋನಿಗಾದ್ರೂ ಯಾವ ಬೇರು ಅಂತ ಗೊತ್ತಿತ್ತು."

ಅವರು ನಕ್ಕರು. "ಗೊತ್ತಿದ್ರೆ ನನ್ನ ಕಣ್ಣೇ ನನಗೆ ಮೋಸ ಮಾಡುತ್ತೆ. ಔಷಧಿ ತಗೊಂಡೋರೆಲ್ಲ ಚೆನ್ನಾಗಿದ್ದಾರೆ ಅಂತ್ಲೇ ಕಾಣೋಕೆ ಶುರುವಾಗುತ್ತೆ."

ಮನೆಗೆ ಬಂದು ಹೇಳಿದಾಗ ನಮ್ಮ ಯಜಮಾನರು, "ಹಂಗಾದ್ರೆ ಲಾಟ್ರಿ ಅನ್ನು" ಎಂದರು.

"ಹೂಂ ಭಾವ. ಟಿಕೆಟ್ ನುಂಗ್ಬೇಕು, ಅಷ್ಟೇ ವ್ಯತ್ಯಾಸ" ಎಂದಳು ತಂಗಿ, ಗೋಡೆಯ ಕಡೆ ಮುಖ ಮಾಡಿಕೊಂಡೇ. ಎಷ್ಟೋ ತಿಂಗಳ ಮೇಲೆ ಅವಳ ಬಾಯಿಂದ ಬಂದ ತಮಾಷೆ ಅದು.

ಅವಳು ಒಪ್ಪಿದಳು. ಯಾರ ಬಲವಂತವೂ ಇಲ್ಲ ಎನ್ನುವುದಕ್ಕೆ ದಾಖಲೆ ಬೇಕೆಂದು, ಒಪ್ಪಿಗೆ ಕೊಡುವಾಗ ಕ್ಯಾಮೆರಾ ಇಟ್ಟು ವಿಡಿಯೊ ತೆಗೆದರು. ಇಲ್ಲಿ ಅಕ್ಕ ಮಾತಾಡುವ ಹಾಗಿಲ್ಲ ಎಂದು ನನಗೆ ಮೊದಲೇ ಹೇಳಿದ್ದರು. ಬಾಯಿ ಬಿಗಿ ಹಿಡಿದು ಕೂತಿದ್ದೆ. ಯಾಕೆ ಒಪ್ತೀರಿ ಎಂದು ಕೇಳಿದ್ದಕ್ಕೆ ತಂಗಿ, "ನನಗೆ ಆದ್ರೆ ಸಂತೋಷ. ಆಗದಿದ್ರೆ, ಯಾರಿಗೆ ಕೊಡಬಾರದು ಅಂತಾದ್ರೂ ನಿಮಗೆ ಗೊತ್ತಾಗುತ್ತಲ್ಲ" ಎಂದಳು. ಡಾಕ್ಟರಮ್ಮ ಕ್ಯಾಮೆರಾ ಆರಿಸಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಇವರು ಇಲ್ಲಿಗೆ ಬರೋದು ಹದಿನೈದು ದಿನಕ್ಕೊಂದು ಸಲ. ಮಿಕ್ಕಿದ ದಿನ ನೋಡೋರು ನೀವು. ಒಳ್ಳೇದಾದ್ರೂ ಹೇಳಿ, ಕೆಟ್ಟದ್ದಾದ್ರೂ ಹೇಳಿ. ಚಿಕ್ಕದು ಅಂತ ಬಿಡಬೇಡಿ. ಯಾವಾಗ ಬೇಕಾದ್ರೂ ಫೋನ್ ಮಾಡಿ." ಅವರ ನಂಬರು ನನ್ನ ಫೋನಿನಲ್ಲಿ ಹಾಕಿಸಿಕೊಂಡೆ.

ಆ ಮಾತು ಕೇಳಿ ನನಗೇನಾಯಿತು ಎನ್ನುವುದನ್ನು ಈಗ ಒಪ್ಪಿಕೊಳ್ಳಬೇಕು. ಬ್ಯಾಂಕಿಗೆ ಹೋದರೆ ಚಲನ್ ತುಂಬಿಸಲು ಯಾರ ಮುಖವನ್ನಾದರೂ ನೋಡಬೇಕಾದ ಹೆಂಗಸು ನಾನು. ಸೀರೆ ಅಂಗಡಿಯ ಹುಡುಗಿಯರು ಕೂಡ ನನಗೆ ನಿಂತೇ ಲೆಕ್ಕ ಕೊಟ್ಟು ಕಳಿಸುತ್ತಾರೆ. ಇಲ್ಲಿ ಇಷ್ಟು ದೊಡ್ಡ ಓದು ಓದಿದವರೊಬ್ಬರು ಕುರ್ಚಿ ಎಳೆದು ಕೊಟ್ಟು, "ನೀವು ಹೇಳಿ ಅಮ್ಮ, ನಿಮಗೇನು ಅನ್ಸುತ್ತೆ?" ಎನ್ನುತ್ತಿದ್ದರು. ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಆ ದಿನಗಳಿಗೆಂದೇ ಒಂದು ಒಳ್ಳೆಯ ಸೀರೆ ತೆಗೆದಿಟ್ಟಿದ್ದೆ. ಹೋಗುವ ಮುಂಚೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಕುಚ್ಚು ಕಟ್ಟುತ್ತಲೇ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಕಾಯಿಲೆ ಅವಳದ್ದು. ಹಬ್ಬ ನನ್ನದಾಗಿತ್ತು.

ಮೊದಲು ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ತಂಗಿ ತಾನಾಗಿಯೇ ಎದ್ದಳು. ಒಳಗಿಂದ ಬಾಗಿಲಿಗೆ, ಬಾಗಿಲಿಂದ ಒಳಕ್ಕೆ ಓಡಾಡಿದಳು. ಮರುದಿನ ವಠಾರದ ಅಂಗಳದಲ್ಲಿ ಓಡಾಡಿದಳು. ಅದರ ಮರುದಿನ ಗುಡ್ಡದ ಮೆಟ್ಟಿಲು ಹತ್ತಿ ದೇವಸ್ಥಾನಕ್ಕೆ ಹೋಗಿ ಪ್ರದಕ್ಷಿಣೆ ಹಾಕಿದಳು. ತಿಂಗಳುಗಟ್ಟಲೆ ಮಲಗಿದ್ದವಳು! ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಅಲ್ಲಿಂದ ಬೆಳಗ್ಗೆ ಸಂಜೆ ಅದೇ ಆಯಿತು. ಪ್ರದಕ್ಷಿಣೆ ಎಂದರೆ ಎಲ್ಲರೂ ಹಾಕುವ ಹಾಗಲ್ಲ. ಹೆಂಗಸರು ಬಂದು, ಸುತ್ತಿ, ತೀರ್ಥ ತೆಗೆದುಕೊಂಡು, ಹರಟೆ ಹೊಡೆದು ಹೋಗುವಷ್ಟು ಹೊತ್ತೂ ಇವಳು ಸುತ್ತುತ್ತಲೇ ಇರುತ್ತಿದ್ದಳು. ಪಕ್ಕದ ಮನೆಯ ಅಜ್ಜಿ, ತಂಗಿಯನ್ನು ಸೋಮಾರಿ ಎಂದು ಮೊದಲು ಕರೆದವರೇ ಅವರು, ನಲ್ಲಿಯ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದರು.

"ಏನೇ ಇದು ನಿನ್ನ ತಂಗಿ! ಮೈಮೇಲೆ ಜ್ಞಾನ ಇಲ್ದಂಗೆ ಸುತ್ತುತಾಳೆ. ನಾವೂ ಹೋಗ್ತೀವಿ, ಮಂಡಿ ನೋವು ಅಂತ ಮೂರಕ್ಕೇ ಕೂತ್ಕೋತೀವಿ."

"ಅವಳಿಗೆ ಚಿಕ್ಕಂದಿನಿಂದ್ಲೂ ಭಕ್ತಿ ಜಾಸ್ತಿ ಅಜ್ಜಿ" ಎಂದೆ. ಸುಳ್ಳು. ಚಿಕ್ಕಂದಿನಲ್ಲಿ ಅವಳು ದೇವಸ್ಥಾನಕ್ಕೆ ಬರುತ್ತಿದ್ದದ್ದು ಪ್ರಸಾದದ ಪೊಂಗಲಿಗೆ.

ಆ ಮಾತು ವಠಾರದಲ್ಲಿ ಹಬ್ಬಿತು. ಯಾರು ನಮ್ಮ ಮನೆಯ ಮುಂದೆ ದನಿ ತಗ್ಗಿಸಿ ಹೋಗುತ್ತಿದ್ದರೋ ಅವರೇ ಈಗ ಒಳಗೆ ಬಂದು ಕಾಫಿ ಕುಡಿದರು. ಎಷ್ಟು ಹಗುರವಾದೆ ಎಂದರೆ, ತಂಗಿ ಸೊರಗಿ ಹೋಗುತ್ತಿದ್ದುದು ನನ್ನ ಕಣ್ಣಿಗೆ ಬೀಳಲಿಲ್ಲ. ಊಟಕ್ಕೆ ಕೂತರೆ ಎರಡು ತುತ್ತಿಗೆ ಎದ್ದುಬಿಡುತ್ತಿದ್ದಳು. ನಿಂತು ತಿನ್ನುತ್ತಿದ್ದಳು. ನಿಂತಲ್ಲೇ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಕುಚ್ಚು ಕಟ್ಟುತ್ತಿದ್ದೆ. ಅವಳು ಎದುರಿಗೆ ಬಂದು ಕೂತಳು, ಎದ್ದಳು, ಮತ್ತೆ ಕೂತಳು.

"ಅಕ್ಕ, ಇದು ಭಕ್ತಿ ಅಲ್ಲ."

"ಯಾವುದೇ?"

"ಸುತ್ತೋದು. ನನಗೆ ಕೂರೋಕಾಗಲ್ಲ. ಮಲಗೋಕಾಗಲ್ಲ. ಚರ್ಮದ ಒಳಗಡೆ ತುರಿಸಿದ ಹಾಗೆ, ಕೆರ್ಕೊಳ್ಳೋಣ ಅಂದ್ರೆ ಕೈ ಹೋಗಲ್ಲ. ನಡೆದ್ರೆ ಸ್ವಲ್ಪ ಕಮ್ಮಿ. ಬೀದೀಲಿ ಅಷ್ಟು ಸಲ ಸುತ್ತಿದ್ರೆ ಹುಚ್ಚಿ ಅಂತಾರೆ. ದೇವಸ್ಥಾನದಲ್ಲಾದ್ರೆ ಯಾಕಮ್ಮ ಅಂತ ಯಾರೂ ಕೇಳಲ್ಲ, ಅದಕ್ಕೇ ಹೋಗ್ತೀನಿ." ಅವಳು ಎದ್ದು ನಿಂತಳು. "ಡಾಕ್ಟ್ರಿಗೆ ಹೇಳು ಅಕ್ಕ. ಅಲ್ಲಿ ಕೂತ್ರೆ ನನಗೆ ಮಾತೇ ಹೊರಡಲ್ಲ. ನೀನು ಹೇಳು."

"ಆಯ್ತು, ಹೇಳ್ತೀನಿ ಬಿಡೆ" ಎಂದೆ. ಆವತ್ತೇ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನನ್ನದೇ ಒಂದು ಲೆಕ್ಕಾಚಾರ ನನಗಿತ್ತು. ಜೋಮು ಹಿಡಿದ ಕಾಲು ಬಿಡುವಾಗ ಚುರುಗುಟ್ಟುತ್ತದಲ್ಲ, ಹಾಗೆಯೇ ಇಷ್ಟು ದಿನ ಮಲಗಿದ್ದ ಮೈ ಏಳುವಾಗ ಸ್ವಲ್ಪ ಕಾಟ ಇದ್ದದ್ದೇ ಎಂದುಕೊಂಡೆ. ಬಾಣಂತಿಗೆ, ಜ್ವರ ಬಿಟ್ಟವರಿಗೆ ಹೇಳುವ ಬುದ್ಧಿ. ಅದು ಈ ಕಾಯಿಲೆಗೂ ಹೊಂದುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ಹೇಳಿಕೊಂಡೆ.

ಆಸ್ಪತ್ರೆಯ ದಿನ ಬಂತು. ಡಾಕ್ಟರಮ್ಮ ಎಂದಿನ ಪ್ರಶ್ನೆಗಳನ್ನು ಶುರು ಮಾಡಿದರು. ನಿದ್ದೆ ಹೇಗಿದೆ, ಊಟ ರುಚಿಸುತ್ತಾ, ಯಾವುದರಲ್ಲಾದರೂ ಮನಸ್ಸು ನಿಲ್ಲುತ್ತಾ. ತಂಗಿ ಒಂದೊಂದೇ ಮಾತು ಹೇಳುತ್ತಿದ್ದಳು. ಮೇಜಿನ ಕೆಳಗೆ ಅವಳ ಕಾಲು ಒಂದೇ ಸಮನೆ ಅಲ್ಲಾಡುತ್ತಿತ್ತು. ನನ್ನ ಕುರ್ಚಿಗೂ ಅದರ ನಡುಕ ತಾಗುತ್ತಿತ್ತು.

ನಮ್ಮಲ್ಲಿ ಕೂತು ಕಾಲು ಅಲ್ಲಾಡಿಸಬಾರದು. ಮನೆಗೆ ದರಿದ್ರ ಬರುತ್ತದೆ, ಲಕ್ಷ್ಮಿ ಎದ್ದು ಹೋಗುತ್ತಾಳೆ ಎನ್ನುತ್ತಾರೆ. ಅದರಲ್ಲೂ ಹೆಣ್ಣುಮಕ್ಕಳು, ದೊಡ್ಡವರ ಮುಂದೆ. ಅಮ್ಮ ಬದುಕಿದ್ದಾಗ ಇದಕ್ಕೆ ತೊಡೆಯ ಮೇಲೆ ಫಟ್ಟನೆ ಒಂದು ಬೀಳುತ್ತಿತ್ತು. ಇಷ್ಟು ದೊಡ್ಡ ಡಾಕ್ಟರ ಮುಂದೆ ನನ್ನ ತಂಗಿ ಕಾಲು ಕುಣಿಸುತ್ತಾ ಕೂತಿದ್ದಾಳಲ್ಲ, ಇವಳಿಗೆ ಯಾರೂ ಬುದ್ಧಿ ಕಲಿಸಿಲ್ಲ ಎಂದುಕೊಳ್ಳುತ್ತಾರಲ್ಲ ಎಂದು ನನಗೆ ನಾಚಿಕೆಯಾಯಿತು. ಮೇಜಿನ ಕೆಳಗೆ ಕೈ ಹಾಕಿ ಅವಳ ಮಂಡಿಯನ್ನು ಒತ್ತಿ ಹಿಡಿದೆ. ಬಿಡದೆ ಹಿಡಿದೆ. ನನ್ನ ಅಂಗೈ ಕೆಳಗೆ ಆ ಮಂಡಿ ಬಲೆಗೆ ಬಿದ್ದ ಹಕ್ಕಿಯ ಹಾಗೆ ಒದ್ದಾಡುತ್ತಿತ್ತು. ಡಾಕ್ಟರಿಗೆ ಕಾಣಬೇಕಾಗಿದ್ದದ್ದು ಅದೊಂದೇ. ಅದನ್ನು ನಾನು ಮರ್ಯಾದೆಗಾಗಿ ಮುಚ್ಚಿದೆ.

"ಮೇಡಂ, ಕಾಲು..." ಎಂದಳು ತಂಗಿ.

"ಕಾಲು ನೋಯದೆ ಇರುತ್ತಾ ಮೇಡಂ!" ಎಂದು ನಾನು ನಡುವೆ ಹಾರಿದೆ. "ದಿನಾ ಗುಡ್ಡ ಹತ್ತಿ ಪ್ರದಕ್ಷಿಣೆ ಹಾಕ್ತಾಳೆ. ಹಾಸಿಗೆ ಬಿಟ್ಟು ಏಳದೆ ಇದ್ದೋಳು! ನಮ್ಮ ವಠಾರದಲ್ಲೆಲ್ಲ ಇವಳದ್ದೇ ಮಾತು. ನಿಮ್ಮ ಕೈಗುಣ."

ಡಾಕ್ಟರಮ್ಮನ ಮುಖ ಅರಳಿತು. "ಹೌದಾ? ದಿನಾ ಹೋಗ್ತೀರಾ?" ಎಂದು ತಂಗಿಯನ್ನು ಕೇಳಿದರು.

ತಂಗಿ ನನ್ನ ಕಡೆ ನೋಡಿದಳು. ಹೇಳು ಎನ್ನುವಂತೆ ನೋಡಿದಳು. ನಾನು ನಗುತ್ತಿದ್ದೆ. "ಹೋಗ್ತೀನಿ ಮೇಡಂ" ಎಂದಳು. ಬೇರೆ ಜನರ ಮುಂದೆ ಅಕ್ಕನ ಮಾತಿಗೆ ಅಲ್ಲ ಎಂದು ಅವಳು ಯಾವತ್ತೂ ಅಂದವಳಲ್ಲ.

"ಬೇರೆ ಏನಾದ್ರೂ ತೊಂದ್ರೆ ಇದೆಯಾ ಅಮ್ಮ? ಹೊಸದಾಗಿ ಏನಾದ್ರೂ?" ಡಾಕ್ಟರಮ್ಮ ನನ್ನನ್ನು ನೇರವಾಗಿ ಕೇಳಿದರು.

"ಏನೂ ಇಲ್ಲ ಮೇಡಂ."

"ನಿಮ್ಮಂಥ ಅಕ್ಕ ಎಲ್ಲರಿಗೂ ಸಿಗಲ್ಲ" ಎಂದರು ಅವರು, ಬರೆದುಕೊಳ್ಳುತ್ತಾ.

ಹೊರಗೆ ಬಂದ ಮೇಲೆ ತಂಗಿ, "ನೀನು ಹೇಳ್ಲಿಲ್ಲ" ಎಂದಳು. ಕೋಪವಿರಲಿಲ್ಲ ದನಿಯಲ್ಲಿ.

"ಪಾಪ, ಆಯಮ್ಮ ಎಷ್ಟು ಖುಷಿಯಾಗಿದ್ರು ನೋಡಿದ್ಯಾ? ಒಳ್ಳೇದಾಗ್ತಿರೋವಾಗ ಅಡ್ಡ ಮಾತು ಯಾಕೆ? ಮುಂದಿನ ಸಲ ಹೇಳಿದ್ರಾಯ್ತು."

ಅವಳು ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದನ್ನೂ ನಾನು ಗುಣವಾಯಿತು ಎಂದೇ ತಿಳಿದೆ.

ಅದಾಗಿ ಮುಂದಿನ ವಾರ ಒಂದು ಬೆಳಗ್ಗೆ ದೇವಸ್ಥಾನಕ್ಕೆಂದು ಹೋದವಳು ಊಟದ ಹೊತ್ತಾದರೂ ಬರಲಿಲ್ಲ. ಗುಡ್ಡ ಹತ್ತಿ ನೋಡಿದೆ. ಇರಲಿಲ್ಲ. ಇವತ್ತು ನಾಲ್ಕು ಸುತ್ತು ಹಾಕಿ ಹಾಗೇ ಇಳಿದು ಹೋದಳು ಎಂದು ಹೂವಿನವಳು ಹೇಳಿದಳು. ಯಜಮಾನರು ಆಟೋದಲ್ಲಿ ಬನಶಂಕರಿ ಕಡೆ, ಅವಳ ಹಳೆಯ ಶಾಲೆಯ ಕಡೆ ಸುತ್ತಿ ಬಂದರು. ಫೋನನ್ನು ಅವಳು ಮನೆಯಲ್ಲೇ ಬಿಟ್ಟಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಪಕ್ಕದ ಮನೆಯ ಅಜ್ಜಿ, "ಯಾವುದೋ ಹರಕೆ ಇರಬೇಕು ಬಿಡೆ, ಬರ್ತಾಳೆ" ಎಂದರು. ಅವರಿಗೆ ಹಾಗೆ ಅನ್ನಲು ಕಲಿಸಿದವಳು ನಾನೇ.

ಮಧ್ಯಾಹ್ನ ಕಳೆದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಹಲೋ, ಅಕ್ಕ, ನಾನು ತಲಘಟ್ಟಪುರದಿಂದ, ಪಂಕ್ಚರ್ ಅಂಗಡಿ. ಇಲ್ಲೊಬ್ರು ಮೇಡಂ ನಿಮ್ಮ ನಂಬರ್ ಕೊಟ್ರು. ಕೂತ್ಕೊಳ್ಳಿ ಅಂತ ಸ್ಟೂಲ್ ಹಾಕಿದ್ರೆ ಕೂರ್ತಾನೇ ಇಲ್ಲ ಅಕ್ಕ. ನಿಂತಲ್ಲೇ ಹೆಜ್ಜೆ ಹಾಕ್ತಾ ಇದ್ದಾರೆ. ಕಾಲೆಲ್ಲ ಕಿತ್ತೋಗಿದೆ. ಬೇಗ ಬನ್ನಿ. ಅಲ್ಲೀವರೆಗೂ ನಾನು ಬಿಡಲ್ಲ, ನೋಡ್ಕೋತೀನಿ."

ಹನುಮಂತನಗರದಿಂದ ತಲಘಟ್ಟಪುರಕ್ಕೆ ಆಟೋದಲ್ಲೇ ಸೊಂಟ ಹಿಡಿಯುತ್ತದೆ. ಕನಕಪುರ ರಸ್ತೆಯುದ್ದಕ್ಕೂ ಮೆಟ್ರೋ ಕಂಬಗಳ ಪಕ್ಕದಲ್ಲಿ ಹೋಗುತ್ತಾ, ಈ ಬಿಸಿಲಲ್ಲಿ ಇಷ್ಟು ದೂರ ಅವಳು ನಡೆದಳೇ, ಈ ಸಿಗ್ನಲ್ ದಾಟಿದಳೇ, ಈ ಲಾರಿಗಳ ನಡುವೆ ಹೋದಳೇ ಎಂದು ನೋಡುತ್ತಾ ಬಂದೆ. ಅಂಗಡಿಯ ಮುಂದೆ ಅವಳು ನಿಂತಿದ್ದಳು. ನಿಂತಿದ್ದಳು ಎನ್ನಲಾಗದು, ಎಡಗಾಲು, ಬಲಗಾಲು, ಎಡಗಾಲು. ಒಂದು ಚಪ್ಪಲಿ ಇರಲಿಲ್ಲ. ಪಂಕ್ಚರ್ ಅಂಗಡಿಯವನು ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದ, ಅವಳು ರಸ್ತೆಯ ಕಡೆ ಹೋಗದ ಹಾಗೆ ಅಡ್ಡವಾಗಿ.

ಆಟೋ ಹತ್ತಿಸಿ ಕೂರಿಸಿದೆ. ನನ್ನ ಮುಖ ನೋಡದೆ ಅವಳು ಹೇಳಿದಳು: "ಇದು ನಿಂತ್ರೆ ಸಾಕು ಅನ್ನಿಸ್ತಿತ್ತು ಅಕ್ಕ. ಹೇಗೆ ನಿಂತ್ರೂ ಸರಿ ಅಂತ ಅನ್ನಿಸ್ತಿತ್ತು. ಲಾರಿ ಬಂದಾಗೆಲ್ಲ ಅನ್ನಿಸ್ತಿತ್ತು. ಅದಕ್ಕೇ ಭಯ ಆಗಿ ಅಂಗಡಿಯವರನ್ನ ಕೇಳ್ದೆ."

ಮುಂದೆ ಕೂತಿದ್ದ ಯಜಮಾನರು ಮನೆಯ ಕಡೆ ತಿರುಗಿಸಲಿಲ್ಲ. ನೇರವಾಗಿ ಜಯನಗರಕ್ಕೆ ಬಿಟ್ಟರು.

ಡಾಕ್ಟರಮ್ಮ ತಂಗಿಯ ಪಾದ ನೋಡಿದರು. ಕೂರಲು ಹೇಳಿ, ಎದುರಿಗೆ ನಿಂತು ಸುಮ್ಮನೆ ನೋಡಿದರು. ಈ ಸಲ ಯಾರೂ ಮಂಡಿ ಹಿಡಿಯಲಿಲ್ಲ. ಕಾಲು ತನ್ನಷ್ಟಕ್ಕೆ ಕುಣಿಯಿತು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು.

"ಗಣೇಶನ ಹಬ್ಬಕ್ಕೆ ಮುಂಚಿನಿಂದ" ಎಂದಳು ತಂಗಿ.

ಹಬ್ಬದ ಮೇಲೆ ನಾವು ಅವರನ್ನು ನೋಡಿ ಬಂದಿದ್ದೆವು. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಮೇಡಂ. ಅವಳು ಹೇಳಿದ್ಲು. ನಾನು ನಿಮಗೆ ಹೇಳ್ಲಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಉಸಿರಾಡಲು ಆಗುತ್ತಿತ್ತು. ಆ ಮಾತ್ರೆಯನ್ನು ಅವತ್ತೇ ನಿಲ್ಲಿಸಿದರು. ಕಾಲಿನ ತಳಮಳ ತಗ್ಗಲು ಬೇರೆ ಮಾತ್ರೆ ಕೊಟ್ಟು, ಕೆಲವು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಔಷಧಿಗಳು ಹೀಗೆ ಮಾಡುವುದುಂಟು, ಬೇಗ ಗೊತ್ತಾದರೆ ಬೇಗ ಸರಿಮಾಡಬಹುದು, ಬಿಟ್ಟರೆ ಮನುಷ್ಯರಿಗೆ ಬದುಕೇ ಬೇಡ ಅನ್ನಿಸುವಷ್ಟು ಆಗುತ್ತದೆ ಎಂದು ವಿವರಿಸಿದರು. ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳದೆ ಇದ್ದದ್ದು ತನ್ನ ತಪ್ಪೂ ಹೌದು ಎಂದರು. ಅವರ ಪಾಲನ್ನು ಅವರು ತೆಗೆದುಕೊಂಡರು. ನನ್ನದು ಅದರಿಂದ ಕಡಿಮೆಯಾಗಲಿಲ್ಲ.

ಆಮೇಲೆ ಹೇಳಿದ್ದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. "ಇದು ಇವರೊಬ್ಬರ ವಿಷಯ ಅಲ್ಲ ಅಮ್ಮ. ಇದೇ ಮಾತ್ರೆ ಬೇರೆ ಊರುಗಳಲ್ಲೂ ಜನ ತಗೋತಿದ್ದಾರೆ. ಇಲ್ಲಿ ಒಬ್ಬರಿಗೆ ಹೀಗಾಯ್ತು ಅಂದ್ರೆ ಅಲ್ಲಿನ ಡಾಕ್ಟರು ಎಚ್ಚರವಾಗಿರ್ತಾರೆ. ಇವರು ಚೆನ್ನಾಗಿದ್ದಾರೆ, ಓಡಾಡ್ತಿದ್ದಾರೆ ಅಂತ ಮಾತ್ರೆ ತಯಾರಿಸೋರಿಗೆ ನಾನು ಬರೆದು ಕಳಿಸಿದ್ದೆ. ಈಗ ತಿದ್ದಿ ಕಳಿಸ್ತೀನಿ."

ಅಂದರೆ ವಠಾರದ ನಲ್ಲಿಯ ಹತ್ತಿರ ನಾನು ಹೇಳಿದ ಸುಳ್ಳು ನಲ್ಲಿಯ ಹತ್ತಿರವೇ ಉಳಿದಿರಲಿಲ್ಲ. ಹೆಸರು ಗೊತ್ತಿಲ್ಲದ ಊರುಗಳಿಗೆ ಹೋಗಿತ್ತು. ಅಲ್ಲೆಲ್ಲೋ ಇನ್ನೊಬ್ಬಳು ಕೂರಲಾಗದೆ ನಡೆಯುತ್ತಿದ್ದಿರಬಹುದು. ಯಾರಿಗೆ ಕೊಡಬಾರದು ಎಂದಾದರೂ ಗೊತ್ತಾಗಲಿ ಎಂದು ಮಾತ್ರೆ ನುಂಗಿದವಳು ನನ್ನ ತಂಗಿ. ಅವಳು ಕೊಡಲು ಬಂದದ್ದು ಅದೊಂದೇ. ಅದನ್ನು ಕೊಡಲು ನಾನು ಬಿಟ್ಟಿರಲಿಲ್ಲ. ಅವಳಿಗೆ ಸಿಕ್ಕಿದ್ದು ಔಷಧಿ ಇದ್ದ ಮಾತ್ರೆಯೇ ಎಂದು ಆಮೇಲೆ ತಿಳಿಯಿತು. ಆ ಮಾತ್ರೆ ಮುಂದೆ ಅಂಗಡಿಗೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಕೆಲವರಿಗೆ ನಿಜವಾಗಿಯೂ ಒಳ್ಳೆಯದಾಗಿದೆಯಂತೆ. ನಮ್ಮ ಡಾಕ್ಟರಮ್ಮನೇ ಹೇಳಿದ್ದು. ಅದನ್ನು ನಾನು ಶಪಿಸುವುದಿಲ್ಲ.

ಕಾಲಿನ ಕಾಟ ಕೆಲವೇ ದಿನಗಳಲ್ಲಿ ಇಳಿಯಿತು. ಮನಸ್ಸಿನ ಮಂಕು ಹಾಗೆ ಇಳಿಯುವುದಲ್ಲ. ಡಾಕ್ಟರಮ್ಮ ಅಂಗಡಿಯಲ್ಲಿ ಸಿಗುವ ಬೇರೆ ಔಷಧಿ ಶುರು ಮಾಡಿದರು, ಜೊತೆಗೆ ವಾರಕ್ಕೊಮ್ಮೆ ಮಾತಾಡಿಸುತ್ತಾರೆ. ತಂಗಿ ಈಗ ಸ್ನಾನ ಮಾಡುತ್ತಾಳೆ. ಒಮ್ಮೊಮ್ಮೆ ನನ್ನ ಕುಚ್ಚಿಗೆ ಬಣ್ಣ ಆರಿಸಿಕೊಡುತ್ತಾಳೆ.

ಮನೆಗೆ ಬಂದ ಮೇಲೆ ನಾನು ಅವಳಿಗೆ ಏನೂ ಹೇಳಲಿಲ್ಲ. ಅಡಿಗೆ ಮಾಡಿದೆ. ಅವಳಿಗಿಷ್ಟ ಎಂದು ಅಕ್ಕಿರೊಟ್ಟಿ, ಅವರೆಕಾಳಿನ ಹುಳಿ, ಒತ್ತುಶ್ಯಾವಿಗೆ. ಪಾದಕ್ಕೆ ಮುಲಾಮು ಹಚ್ಚಿದೆ. ಗುಡ್ಡ ಹತ್ತಿ ದೇವರ ಮುಂದೆ ಕೆನ್ನೆ ಕೆನ್ನೆ ಬಡಿದುಕೊಂಡೆ. ನಾವು ದೇವರಿಗೆ ತಪ್ಪಾಯಿತು ಎನ್ನುತ್ತೇವೆ, ಕಾಲು ತಾಗಿದರೆ ಪುಸ್ತಕಕ್ಕೂ ಕೈಮುಗಿಯುತ್ತೇವೆ. ಕಿರಿಯರಿಗೆ ಮಾತ್ರ ಅನ್ನುವುದಿಲ್ಲ. ದೊಡ್ಡವರು ಚಿಕ್ಕವರ ಮುಂದೆ ಬಗ್ಗಿದರೆ ಚಿಕ್ಕವರ ಆಯಸ್ಸಿಗೆ ಒಳ್ಳೆಯದಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಅವಳ ಆಯಸ್ಸಿನ ಚಿಂತೆ ನನಗೆ ಆಗ ಬಂತು ನೋಡಿ. ನಿಜ ಹೇಳಬೇಕೆಂದರೆ ಅದು ನೆಪ. ನನ್ನ ಬಾಯಿಗೆ ಅಭ್ಯಾಸವಿರಲಿಲ್ಲ, ಅಷ್ಟೇ.

ಒಂದು ದಿನ ಅವಳೇ, "ಎಷ್ಟು ತಿನ್ನಿಸ್ತೀಯ ಅಕ್ಕ? ನನ್ನ ಬಾಯಿ ತುಂಬಿಸ್ತಾನೇ ಇರ್ಬೇಕಾ ನಿನಗೆ?" ಎಂದಳು. ತಮಾಷೆಗೆ ಹೇಳಿದಳೋ ಏನೋ. ರೊಟ್ಟಿ ಹಾಕಲು ಹೋದ ನನ್ನ ಕೈ ಹಾಗೇ ನಿಂತಿತು.

ಹೋದ ತಿಂಗಳು ಆಸ್ಪತ್ರೆಗೆ ಹೋದಾಗ ಹೆಸರು ಕೂಗಿದರು. ಅಭ್ಯಾಸದ ಹಾಗೆ ನಾನೂ ಎದ್ದೆ. ತಂಗಿ ನನ್ನ ಭುಜದ ಮೇಲೆ ಕೈಯಿಟ್ಟು, "ನೀನು ಕೂತಿರು, ನಾನು ಹೋಗ್ಬರ್ತೀನಿ" ಎಂದು ಒಬ್ಬಳೇ ಒಳಗೆ ಹೋದಳು. ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನಲ್ಲಿ ಕೂತಿದ್ದೆ. ಒಳಗೆ ಏನು ಮಾತಾಡುತ್ತಿದ್ದಾರೆ ಎಂದು ಕೇಳಿಸುತ್ತಿರಲಿಲ್ಲ. ಬಹಳ ಹೊತ್ತು ಮಾತಾಡಿದಳು. ಅವಳಲ್ಲಿ ಅಷ್ಟೊಂದು ಮಾತು ಇತ್ತು ಎನ್ನುವುದೇ ನನಗೆ ಗೊತ್ತಿರಲಿಲ್ಲ.

ಹೊರಗೆ ಬಂದಳು. ಏನು ಕೇಳಿದರು, ನೀನು ಏನು ಹೇಳಿದೆ ಎಂದು ಕೇಳಲು ಬಾಯಿ ತುರಿಸಿತು. ಕೇಳಲಿಲ್ಲ. ಬಸ್ ಸ್ಟಾಪಿಗೆ ನಡೆದೆವು. ಅಲ್ಲಿ ಕಾಲೇಜಿನ ಹುಡುಗಿಯರು, ತರಕಾರಿ ಚೀಲದ ಹೆಂಗಸರು, ಜನವೋ ಜನ. ಇಬ್ಬರೂ ಕಂಬಕ್ಕೆ ಒರಗಿ ನಿಂತೆವು. ಅವಳು ಸುಮ್ಮನೆ, ಎರಡೂ ಪಾದ ಊರಿ ನಿಂತಿದ್ದಳು.

"ಆವತ್ತು ನೀನು ಹೇಳೋಕೆ ಹೊರಟಿದ್ದೆ" ಎಂದೆ. "ನಾನು ಬಿಡ್ಲಿಲ್ಲ."

ಅವಳು ರಸ್ತೆಯನ್ನೇ ನೋಡುತ್ತಿದ್ದಳು. "ಹೂಂ" ಎಂದಳು.

"ನನಗೆ ಗೊತ್ತಿತ್ತು ಕಣೆ. ಗೊತ್ತಿದ್ದೂ ಬಿಡ್ಲಿಲ್ಲ. ಆಯಮ್ಮ ನನ್ನ ಹೊಗಳ್ತಿದ್ರು, ಅದು ನಿಂತೋಗುತ್ತೆ ಅಂತ ಸುಮ್ಮನಿದ್ದೆ."

ಅವಳು ಈಗ ನನ್ನ ಕಡೆ ತಿರುಗಿದಳು. ಪಕ್ಕದ ಹುಡುಗಿಯೊಬ್ಬಳು ಕಿವಿಯಿಂದ ಇಯರ್‌ಫೋನ್ ತೆಗೆದು ನಮ್ಮನ್ನೇ ನೋಡುತ್ತಿದ್ದಳು. ನೋಡಲಿ ಎಂದುಕೊಂಡೆ.

"ಅದಕ್ಕೆ?" ಎಂದಳು ತಂಗಿ.

ಅದಕ್ಕೆ ಏನು ಎಂದು ಅವಳ ಬದಲು ನಾನು ಹೇಳಲಾಗುವುದಿಲ್ಲ. ನನ್ನದನ್ನು ಮಾತ್ರ ಹೇಳಬಹುದಿತ್ತು. ಹೇಳಿದೆ, ಅಷ್ಟು ಜನರ ನಡುವೆ, ಎಲ್ಲರಿಗೂ ಕೇಳಿಸುವ ಹಾಗೆ.

"ತಪ್ಪಾಯ್ತು ಕಣೆ. ನಂದು ತಪ್ಪಾಯ್ತು."